ಗಾಳಿ ಸೋಂಕಿನಿಂದ ಗುಳಿಗೆಯವರೆಗೆ

ಕನ್ನಡದಲ್ಲಿ 'ಸೋಂಕು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಒಂದು. ಗಾಳಿ, ದೆವ್ವ ತಾಗುವುದು ಇನ್ನೊಂದು. ಘಟಪ್ರಭೆ ಹರಿಯುವ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿಯೂ ನಾಡಿನ ಬೇರೆಡೆಯಂತೆ, ಜ್ವರ ನೆತ್ತಿಗೇರಿ ಬಡಬಡಿಸುವವನಿಗೆ, ಮೂರ್ಛೆ ಬಂದು ಬಿದ್ದವಳಿಗೆ, ತಿಂಗಳುಗಟ್ಟಲೆ ಮಾತು ಬಿಟ್ಟು ಮೂಲೆ ಹಿಡಿದವರಿಗೆ ಹಿಂದೆ ಇದೊಂದೇ ಮಾತು ಸಲ್ಲುತ್ತಿತ್ತು. ತಾಯತ, ಅಂಗಾರ, ಹರಕೆಗಳೇ ಮೂವರಿಗೂ ಚಿಕಿತ್ಸೆ. ಈ ಮೂರು ತೊಂದರೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ವೈದ್ಯಶಾಸ್ತ್ರಕ್ಕೂ ಬಹುಕಾಲ ಹಿಡಿಯಿತು.

ಈ ಭಾಗದವರಿಗೆ ಹತ್ತಿರದ ಮಾನಸಿಕ ಆಸ್ಪತ್ರೆಯೆಂದರೆ ಧಾರವಾಡದ್ದು. 1845ರಲ್ಲಿ ಆರಂಭವಾದ ಅದು ಮೊದಲಿಗೆ ಆಸ್ಪತ್ರೆಗಿಂತ ಹೆಚ್ಚಾಗಿ ಬಂದೀಖಾನೆಯಂತಿತ್ತು. 1912ರ ಕಾಯಿದೆಯ ಪ್ರಕಾರ ರೋಗಿಯನ್ನು ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಒಳಗೆ ಹೋದವರಿಗೆ ಕೊಡಲು ನಿಜವಾದ ಮದ್ದು ಯಾವ ದೇಶದ ವೈದ್ಯರ ಬಳಿಯೂ ಇರಲಿಲ್ಲ. 'ಧಾರವಾಡಕ್ಕೆ ಕಳಿಸಬೇಕು' ಎಂಬುದು ಉತ್ತರ ಕರ್ನಾಟಕದಲ್ಲಿ ಬೈಗುಳವಾಗಿ ಉಳಿದದ್ದು ಹೀಗೆ.

ಆ ಕಾಲದಲ್ಲಿ ಯುರೋಪಿನ ಹುಚ್ಚಾಸ್ಪತ್ರೆಗಳು ಒಂದು ವಿಚಿತ್ರ ಕಾಯಿಲೆಯವರಿಂದ ತುಂಬಿದ್ದವು. ಮೊದಲು ಭ್ರಮೆ, ಆಮೇಲೆ ಮರೆವು, ಕೊನೆಗೆ ಕೈಕಾಲು ಬಿದ್ದು ಸಾವು. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ವಿಜ್ಞಾನಿಗಳು ಇಂಥ ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್ ಎಂಬ ಗುಹ್ಯರೋಗದ ಜೀವಾಣುವನ್ನು ತೋರಿಸಿದರು. ಹುಚ್ಚೆಂದು ಕರೆಯಲಾಗಿದ್ದ ಒಂದು ರೋಗ ಸೋಂಕಿನ ಫಲವೆಂದು ಸಿದ್ಧವಾಯಿತು. 1917ರಲ್ಲಿ ವಿಯೆನ್ನಾದ ವ್ಯಾಗ್ನರ್ ಯಾರೆಗ್ ಈ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಅಂಟಿಸಿ, ಜ್ವರ ಬಂದ ಮೇಲೆ ಕ್ವಿನೈನ್ ಕೊಟ್ಟು ಇಳಿಸಿದರು. ಕೆಲವರು ಚೇತರಿಸಿಕೊಂಡರು, ಕೆಲವರು ಆ ಜ್ವರಕ್ಕೇ ಬಲಿಯಾದರು. 1927ರಲ್ಲಿ ಇದಕ್ಕೆ ನೊಬೆಲ್ ಪಾರಿತೋಷಕವೂ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಪೆನ್ಸಿಲಿನ್ ಬಂದು ಈ ಅಪಾಯದ ಚಿಕಿತ್ಸೆಯನ್ನು ಮೂಲೆಗೆ ಸರಿಸಿತು.

ಮನೋರೋಗದ ಗುಳಿಗೆಗಳಲ್ಲಿ ಕೆಲವು ಹುಟ್ಟಿದ್ದೂ ಸೋಂಕಿನ ವಿರುದ್ಧದ ಹೋರಾಟದಿಂದಲೇ. 1891ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನು ಮಲೇರಿಯಾಕ್ಕೆ ಕೊಟ್ಟು ನೋಡಿದ್ದರು. ಅದೇ ರಾಸಾಯನಿಕ ವಂಶದಲ್ಲಿ ಮುಂದೆ ಕ್ಲೋರ್‌ಪ್ರೊಮಜೀನ್ ತಯಾರಾಯಿತು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಅದನ್ನು ತೀವ್ರ ಮನೋರೋಗಿಗಳಿಗೆ ಕೊಟ್ಟಾಗ ಉದ್ರೇಕ, ಭ್ರಮೆಗಳು ತಗ್ಗಿದವು. ಅದೇ ವರ್ಷ ನ್ಯೂಯಾರ್ಕಿನ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಇಪ್ರೊನಯಜಿಡ್ ಪಡೆದ ರೋಗಿಗಳು ಎದ್ದು ನಗತೊಡಗಿದರು. 1957ರ ಹೊತ್ತಿಗೆ ಅದು ಖಿನ್ನತೆಯ ಮದ್ದಾಗಿ ಹೆಸರಾಯಿತು. ಯಕೃತ್ತಿಗೆ ಹಾನಿಯೆಂದು ಮುಂದೆ ಕೈಬಿಟ್ಟರೂ, ಖಿನ್ನತೆಗೆ ಔಷಧವಿದೆ ಎಂಬ ನಂಬಿಕೆ ಅದರಿಂದ ಬೆಳೆಯಿತು.

ಭಾರತದ ಪಾಲೂ ಇದರಲ್ಲಿದೆ. ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಉಪಯೋಗವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದಿದ್ದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಲಾಯಿತು.

ಮದ್ದು ಬಂದದ್ದರಿಂದ ಆಸ್ಪತ್ರೆಯ ಬಾಗಿಲು ತೆರೆಯಿತು. ಮನೆಯಲ್ಲಿದ್ದೇ ಗುಳಿಗೆ ನುಂಗಬಹುದಾದರೆ ರೋಗಿಯನ್ನು ಕೂಡಿಹಾಕುವುದೇಕೆ? ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ಮುಂದಾಳತ್ವದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗ ಮತ್ತು ಮೂರ್ಛೆರೋಗಕ್ಕೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಧಾರವಾಡದ ಹಳೆಯ ಆಸ್ಪತ್ರೆಯೂ ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ.

ಆದರೂ ಹಳೆಯ ಗೊಂದಲ ಪೂರ್ತಿ ಕರಗಿಲ್ಲ. ಮೂರ್ಛೆರೋಗಕ್ಕೆ ಕೆಲವರಲ್ಲಿ ಮಿದುಳು ಸೇರಿದ ಲಾಡಿಹುಳದ ಮರಿಗಳು ಕಾರಣ, ಅದಕ್ಕೆ ಔಷಧವಿದೆ. ಮಿದುಳಿನ ಜ್ವರ ಕೆಲವೊಮ್ಮೆ ಹುಚ್ಚಿನ ವೇಷದಲ್ಲಿಯೇ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬಿದ್ದು ಮನೋವಿಕಾರದಂತೆ ತೋರುವ ಇನ್ನೊಂದು ಕಾಯಿಲೆಯನ್ನು 2007ರಲ್ಲಿ ಗುರುತಿಸಲಾಯಿತು. ಇಂಥ ರೋಗಿ ಆಸ್ಪತ್ರೆಗೆ ಬರುವುದು ತಡವಾದಷ್ಟೂ ಮಿದುಳಿಗೆ ಪೆಟ್ಟು ಹೆಚ್ಚು.

ಎಲ್ಲ ಮನೋರೋಗವೂ ಸೋಂಕಲ್ಲ. ಎಲ್ಲ ಬಡಬಡಿಕೆಯೂ ಮನೋರೋಗವಲ್ಲ. ಎರಡಕ್ಕೂ ಚಿಕಿತ್ಸೆಯಿದೆ, ಯಾವುದು ಯಾವುದೆಂದು ಹೇಳುವುದು ವೈದ್ಯರ ಪರೀಕ್ಷೆ. ಹರಕೆ ತೀರಿಸಲು ಆಮೇಲೆಯೂ ಅವಕಾಶವಿದೆ. ಜ್ವರದ ಜೊತೆ ಮತಿಗೆಟ್ಟು ಮಾತಾಡುವವರನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ ಮಾತ್ರ ಆ ದಿನವೇ ಸರಿಯಾದ ದಿನ.