ಒತ್ತೆ ಮತ್ತು ಮುತ್ತು

ವೇಶ್ಯಾವೃತ್ತಿಯು ದುಡಿಮೆಯೋ, ಹೆಣ್ಣಿನ ಮೇಲಿನ ಹಿಂಸೆಯೋ ಎಂಬ ವಾದ ಇಂದು ಬಿರುಸಾಗಿ ನಡೆದಿದೆ. ಇದನ್ನು ಹೊಸ ವಾದವೆಂದು ತಿಳಿಯುವವರು ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯನ್ನು ಓದಬೇಕು. ನಿರ್ಲಜ್ಜೇಶ್ವರ ಎಂಬ ಅಂಕಿತದ ಆಕೆಯ ವಚನ ನಮಗೆ ಉಳಿದು ಬಂದಿರುವುದು ಒಂದೇ. ಒಬ್ಬನಿಂದ ಒತ್ತೆಯ ಹಣ ಹಿಡಿದವಳು ಇನ್ನೊಬ್ಬನದಕ್ಕೆ ಕೈಯೊಡ್ಡಬಾರದೆಂಬ ಕಸುಬಿನ ಕಟ್ಟಳೆಯನ್ನೇ ಆಕೆ ಶಿವನಿಷ್ಠೆಗೆ ಒರೆಗಲ್ಲು ಮಾಡಿದ್ದಾಳೆ. ಅದೇ ಉಸಿರಿನಲ್ಲಿ, ತಪ್ಪಿದವಳನ್ನು ಕೊಲ್ಲುವ, ಕಾದ ಕತ್ತಿಯಿಂದ ಅಂಗ ಕೊಯ್ಯುವ ಶಿಕ್ಷೆಗಳನ್ನೂ ಹೇಳುತ್ತಾಳೆ. ದುಡಿಮೆಯ ಮಾನವೂ ಹಿಂಸೆಯ ಭಯವೂ ಅಲ್ಲಿ ಒಟ್ಟಿಗೇ ಇವೆ. ಈ ವಚನವನ್ನು ಪಾಠ ಹೇಳುವಾಗ ಮೊದಮೊದಲು ನಾನು ಭಕ್ತಿಯನ್ನು ವಿವರಿಸಿ, ಕತ್ತಿಯನ್ನು ದಾಟಿ ಮುಂದೆ ಹೋಗುತ್ತಿದ್ದೆನು. ಅದು ತಪ್ಪೆಂದು ಈಗ ತೋರುತ್ತದೆ.

ಒತ್ತೆಯನ್ನು ಹಿಡಿಯುವವಳು ತಾನು. ಮುತ್ತನ್ನು ಕಟ್ಟುವವರು ಬೇರೆಯವರು. ನವಲಗುಂದಕ್ಕೆ ನೆರೆಯದಾದ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಬಡವರ, ಅದರಲ್ಲೂ ದಲಿತರ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವ ರೂಢಿ ನಮ್ಮ ಸೀಮೆಯಲ್ಲಿ ಬಹುಕಾಲ ನಡೆಯಿತು. ಹರಕೆ ದೇವಿಯದು, ಸುಖ ಊರ ಉಳ್ಳವರದು. ಎಷ್ಟೋ ಮಂದಿಯ ಪಾಲಿಗೆ ಕೊನೆಗೆ ಉಳಿದುದು ಮುಂಬಯಿ, ಪುಣೆಗಳ ಸೂಳೆಗೇರಿ. ಧಾರವಾಡ ಜಿಲ್ಲೆ ಅಂದು ಮುಂಬಯಿ ಪ್ರಾಂತದಲ್ಲಿದ್ದುದರಿಂದ 1934ರ ದೇವದಾಸಿ ಸಂರಕ್ಷಣಾ ಕಾಯದೆ ಇಲ್ಲಿಗೂ ಅನ್ವಯಿಸಿತು. ಅದು ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿ, ಅಂಥವರ ಮದುವೆಯನ್ನು ಸಿಂಧುಗೊಳಿಸಿತು. ಆದರೂ 1982ರಲ್ಲಿ ಕರ್ನಾಟಕ ಮತ್ತೊಂದು ಕಾಯದೆ ಮಾಡಬೇಕಾಯಿತು. ಹೆತ್ತವರೇ ಅರ್ಪಿಸಿದರೆ 5 ವರ್ಷದವರೆಗೂ ಸೆರೆಯೆಂದು ವಿಧಿಸಿತು. ಕಾಯದೆ ಮುತ್ತನ್ನು ಹರಿಯಬಲ್ಲದು, ಹಸಿವನ್ನಲ್ಲ.

ಇನ್ನೊಂದು ಮಾತನ್ನೂ ಕೇಳಬೇಕು. 1996ರಲ್ಲಿ ಸಾಂಗ್ಲಿಯಲ್ಲಿ ಈ ವೃತ್ತಿಯ ಹೆಂಗಸರೇ ಕೂಡಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತನ್ನು ಕಟ್ಟಿದರು. ತಮ್ಮದು ದುಡಿಮೆಯೇ, ಹಿಂಸೆಯೆಂದರೆ ತಮ್ಮ ಮೇಲೆ ಬೀಳುವ ಹೊಡೆತ ಮತ್ತು ತಿರಸ್ಕಾರ ಎಂಬುದು ಅವರ ವಾದ. ಇಂಥವರೂ ಘನತೆಯ ಬಾಳಿಗೆ ಹಕ್ಕುಳ್ಳವರೆಂದು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಹಾಗಾದರೆ ಅಳತೆಗೋಲು ಯಾವುದು? ಸಂಕವ್ವೆಯ ವಚನದಲ್ಲಿಯೇ ಅದು ಇದೆ. ನಮ್ಮ ಕಡೆ ಇಂದಿಗೂ ಮನೆಮನೆಯ ಮಾತಾದ 'ಒಲ್ಲೆ' ಎಂಬುದೇ ಅದು. ಬೆಳೆದ ಹೆಣ್ಣು 'ಒಲ್ಲೆ' ಎಂದಾಗ ಅದು ನಡೆಯುವಂತಿದ್ದರೆ ಮಾತ್ರ ದುಡಿಮೆಯ ಮಾತನ್ನು ಆಡಬಹುದು. ಮುತ್ತು ಕಟ್ಟಿಸಿಕೊಂಡ ಕೂಸಿಗೆ ಆ ಶಬ್ದದ ಅರ್ಥ ತಿಳಿಯುವ ವಯಸ್ಸೂ ಆಗಿರಲಿಲ್ಲ.