ಭಂಗಿಯಿಂದ ಸಿಲೊಸೈಬಿನ್‌ವರೆಗೆ: ಚಿತ್ತವಿಕಾರಕ ದ್ರವ್ಯಗಳೂ ಚಿಕಿತ್ಸಾವಿವೇಕವೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ಈಚೆಗೆ ಒಂದು ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಕಾನೂನು ನಿಷೇಧಿಸಿರುವ ಅಮಲುದ್ರವ್ಯಗಳೇ ಖಿನ್ನತೆಗೆ ಮದ್ದಾಗಬಹುದೆಂದು ಪತ್ರಿಕೆಗಳು ಬರೆಯುತ್ತಿರುವಾಗ ಯಾವುದನ್ನು ನಂಬತಕ್ಕದ್ದು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳನ್ನು ಕಂಡ ಜಿಲ್ಲೆ ನಮ್ಮದು. ಮನೆಯಲ್ಲಿ ಮಾತು ಬಿಟ್ಟು ಕುಳಿತ ತಂದೆಯನ್ನೋ ಅಣ್ಣನನ್ನೋ ನೋಡುತ್ತಿರುವ ಹುಡುಗನಿಗೆ ಇಂಥ ವಾರ್ತೆ ಆಸೆಯನ್ನೂ ಹುಟ್ಟಿಸುತ್ತದೆ, ಅಪಾಯಕ್ಕೂ ದಾರಿ ತೆರೆಯುತ್ತದೆ. ಔಷಧದ ಗುಣದೋಷಗಳನ್ನು ನಿರ್ಣಯಿಸುವುದು ವೈದ್ಯರ ಕಾರ್ಯ. ಇಂಥ ದ್ರವ್ಯಗಳ ವಿಷಯದಲ್ಲಿ ಪ್ರಮಾಣಗಳು ಹೇಗೆ ಹುಟ್ಟಿದವು, ಅವುಗಳಲ್ಲಿ ಎಷ್ಟು ನಿಂತವು ಎಂಬುದನ್ನು ವಿಚಾರಿಸುವುದಷ್ಟೇ ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಉದ್ದೇಶ.

ಚಿತ್ತವನ್ನು ಕಲಕುವ ಸಸ್ಯಗಳು ನಮ್ಮ ಜನಕ್ಕೆ ಅಪರಿಚಿತವಾದುವಲ್ಲ. ಉಮ್ಮತ್ತದ ಹೂ ಶಿವಪೂಜೆಗೆ ಸಲ್ಲುತ್ತದೆ. ಅದರ ಬೀಜವಾದರೋ ಪ್ರಾಣಾಂತಿಕವಾದ ವಿಷ. ಭಂಗಿಸೊಪ್ಪಿಗೆ ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರುಂಟು. ಉಮ್ಮತ್ತವನ್ನು ರಸಶಾಸ್ತ್ರ ಗ್ರಂಥಗಳು ಉಪವಿಷವೆಂದು ಎಣಿಸಿ, ಶೋಧನಸಂಸ್ಕಾರವಾಗದ ಹೊರತು ಔಷಧದಲ್ಲಿ ಸೇರಿಸಕೂಡದೆಂದು ವಿಧಿಸಿವೆ. ದ್ರವ್ಯವು ವಿಷವೂ ಅಹುದು, ಮದ್ದೂ ಅಹುದು. ಭೇದವಿರುವುದು ಪ್ರಯೋಗಿಸುವವನ ಎಚ್ಚರದಲ್ಲಿ ಎಂಬ ತಿಳಿವಳಿಕೆ ಈ ವಿಧಿಯಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್‌ರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯೊಂದು ಏರ್ಪಟ್ಟಿತು. ಆಗ ನಮ್ಮ ಮೂರು ತಾಲ್ಲೂಕುಗಳ ಪ್ರದೇಶಕ್ಕೆ ಪ್ರತ್ಯೇಕ ಜಿಲ್ಲೆಯ ಸ್ಥಾನವಿರಲಿಲ್ಲ. ಮಂಡ್ಯ ಜಿಲ್ಲೆ ರಚಿತವಾದುದು 1939ರಲ್ಲಿ. ಮದ್ದೂರು, ಮಂಡ್ಯಗಳ ಮೂಲಕ ರೈಲು ಓಡತೊಡಗಿದುದು 1880ರ ದಶಕದ ಆದಿಯಲ್ಲಿ. ಅದಕ್ಕೆ ಹಿಂದೆ ರೋಗಿಯನ್ನು ಅಷ್ಟು ದೂರ ಕರೆದೊಯ್ಯಲು ಎತ್ತಿನ ಗಾಡಿಯೇ ಗತಿ. ದೂರದಿಂದ ಬಂದ ರೋಗಿಯ ಪೂರ್ವವೃತ್ತಾಂತವನ್ನು ಹೇಳುವವರು ಯಾರು? ಆ ಕಾಲದ ಎಲ್ಲ ಹುಚ್ಚರ ಆಸ್ಪತ್ರೆಗಳಿಗೂ ಎದುರಾದ ಪ್ರಶ್ನೆಯಿದು. ಇದರ ಪರಿಣಾಮವೇನೆಂಬುದು ಬ್ರಿಟಿಷ್ ಇಂಡಿಯಾದ ಒಂದು ವಿಚಾರಣೆಯಿಂದ ವಿದಿತವಾಗುತ್ತದೆ.

ಗಾಂಜಾ ಸೇವನೆಯಿಂದ ಇಂಡಿಯಾದ ಹುಚ್ಚರ ಆಸ್ಪತ್ರೆಗಳು ತುಂಬಿಹೋಗುತ್ತಿವೆಯೆಂಬ ಕೂಗು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಮುಟ್ಟಿದ ಫಲವಾಗಿ 1893ರಲ್ಲಿ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಇದರ ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಕಮಿಷನ್ನಿನವರು 1193 ಸಾಕ್ಷಿಗಳಿಂದ ಹೇಳಿಕೆ ಪಡೆದರು. ಆದರೆ ಅವರ ಕಾರ್ಯದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಆಸ್ಪತ್ರೆಗಳ ದಾಖಲೆಪುಸ್ತಕಗಳ ಪರೀಕ್ಷೆ. 1892ರಲ್ಲಿ ದಾಖಲಾದ 1344 ರೋಗಿಗಳಲ್ಲಿ 222 ಮಂದಿಯ ಹುಚ್ಚಿಗೆ ಗಾಂಜಾ ಮುಂತಾದುವೇ ಕಾರಣವೆಂದು ಬರೆದಿತ್ತು. ಕಮಿಷನ್ನಿನವರು ಒಂದೊಂದು ಪ್ರಕರಣವನ್ನೂ ಮರಳಿ ವಿಚಾರಣೆಗೆ ಒಳಪಡಿಸಿದಾಗ ಹಾಗೆ ಹೇಳಲು ಆಧಾರ ದೊರೆತುದು 98 ಪ್ರಕರಣಗಳಲ್ಲಿ ಮಾತ್ರ. ಅವುಗಳಲ್ಲಿಯೂ ಬೇರೆ ಕಾರಣ ಬೆರೆಯದೆ ಉಳಿದುವು 61.

ಈ ಅಂತರ ಹೇಗೆ ಉಂಟಾಯಿತು? ರೋಗಿಯನ್ನು ಪೊಲೀಸರು ಕರೆತರುತ್ತಿದ್ದರು. ನಮೂನೆಯಲ್ಲಿ ‘ಕಾರಣ’ ಎಂಬ ಒಂದು ಅಂಕಣವಿತ್ತು. ಅದನ್ನು ಖಾಲಿ ಬಿಡುವಂತಿರಲಿಲ್ಲ. ರೋಗಿ ಎಂದೋ ಗಾಂಜಾ ಸೇದಿದ್ದನೆಂದು ಯಾರಾದರೂ ಹೇಳಿದರೆ ಸಾಕು, ಅದೇ ಕಾರಣವಾಗಿ ದಾಖಲಾಗುತ್ತಿತ್ತು. ಆಸ್ಪತ್ರೆಯವರು ಅದನ್ನೇ ನಕಲು ಮಾಡುತ್ತಿದ್ದರು. ವರ್ಷಾಂತ್ಯದಲ್ಲಿ ಅದೇ ಅಂಕಿ ಅಂಶವಾಗುತ್ತಿತ್ತು. ಕಮಿಷನ್ನಿನವರು ಇದರಿಂದ ಗಾಂಜಾ ನಿರಪಾಯವೆಂದು ತೀರ್ಮಾನಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಮಿತಿಮೀರಿದ ಸೇವನೆ, ವಿಶೇಷವಾಗಿ ದುರ್ಬಲ ಮನಸ್ಸುಳ್ಳವರಲ್ಲಿ, ಹುಚ್ಚನ್ನು ತರಬಹುದೆಂದು ಅವರು ಒಪ್ಪಿದರು. ಇಂದಿನ ವೈದ್ಯಶಾಸ್ತ್ರವೂ ಈ ಮಾತನ್ನು ಬೆಂಬಲಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1920ರ ದಶಕದಲ್ಲಿ ಕೆಲವು ವೈದ್ಯರು ಕಳ್ಳಿಯ ಜಾತಿಯ ಗಿಡದಿಂದ ದೊರೆಯುವ ಮೆಸ್ಕಲಿನ್ನಿನ ಪರಿಣಾಮಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಅವರಲ್ಲಿ ಒಬ್ಬರಾದ ವಿಲ್ಲಿ ಮೇಯರ್ ಗ್ರಾಸ್‌ರು ಮುಂದೆ ಬ್ರಿಟನ್ನಿಗೆ ವಲಸೆ ಹೋಗಿ, ಅಲ್ಲಿ ಎಲ್‌ಎಸ್‌ಡಿಯನ್ನು ಕುರಿತೂ ಸಂಶೋಧನೆ ನಡೆಸಿದರು. ಬೆಂಗಳೂರಿನ ಹಳೆಯ ಆಸ್ಪತ್ರೆಯ ನೆಲೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ರೂಪುಗೊಂಡಾಗ ಅದರ ಆರಂಭಕಾರ್ಯಕ್ಕೆ ನೆರವಾದವರಲ್ಲಿ ಇವರೂ ಒಬ್ಬರು. ಆ ಸಂಸ್ಥೆಯ ಪ್ರಥಮ ನಿರ್ದೇಶಕರು ಎಂ. ವಿ. ಗೋವಿಂದಸ್ವಾಮಿಯವರು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು.

‘ಸೈಕೆಡೆಲಿಕ್’ ಎಂಬ ಹೆಸರನ್ನು ಹಂಫ್ರಿ ಆಸ್ಮಂಡ್‌ರು ಈ ವರ್ಗದ ದ್ರವ್ಯಗಳಿಗೆ 1957ರಲ್ಲಿ ಬಳಕೆಗೆ ತಂದರು. ಕೆನಡಾದಲ್ಲಿ ಕುಡಿತದ ಚಟಕ್ಕೆ ಎಲ್‌ಎಸ್‌ಡಿಯ ಚಿಕಿತ್ಸೆಯನ್ನು ಪ್ರಯೋಗಿಸಿದವರಲ್ಲಿ ಅವರೂ ಒಬ್ಬರು. ಆದರೆ ದ್ರವ್ಯವು ಆಸ್ಪತ್ರೆಯ ಬಾಗಿಲು ದಾಟಿ ಬೀದಿಗೆ ಬಂದಿತು, ಉತ್ಸಾಹ ವಿವೇಕವನ್ನು ಮೀರಿತು, ನಿಷೇಧ ಹಿಂಬಾಲಿಸಿತು. 1971ರ ಅಂತರರಾಷ್ಟ್ರೀಯ ಒಡಂಬಡಿಕೆಯೂ ನಮ್ಮ ದೇಶದ 1985ರ ಮಾದಕದ್ರವ್ಯ ಅಧಿನಿಯಮವೂ ಇವುಗಳನ್ನು ಕಟ್ಟುನಿಟ್ಟಿಗೆ ಒಳಪಡಿಸಿದುವು. ಸಂಶೋಧನೆ ದಶಕಗಳ ಕಾಲ ಬಹುಮಟ್ಟಿಗೆ ನಿಂತುಹೋಯಿತು.

ಈಗ ಅದು ಮರಳಿ ಆರಂಭವಾಗಿದೆ. ಅಣಬೆಗಳಲ್ಲಿರುವ ಸಿಲೊಸೈಬಿನ್ನನ್ನು, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯುಳ್ಳ 233 ರೋಗಿಗಳಿಗೆ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಮೂರು ವಾರಗಳ ಅನಂತರ, 25 ಮಿಲಿಗ್ರಾಂ ಪಡೆದವರಲ್ಲಿ ಶೇಕಡ 37 ಮಂದಿಯ ಖಿನ್ನತೆಯ ಅಳತೆ ಅರ್ಧಕ್ಕಾದರೂ ಇಳಿದಿತ್ತು. ಕೇವಲ 1 ಮಿಲಿಗ್ರಾಂ ಪಡೆದವರಲ್ಲಿ ಇದು ಶೇಕಡ 18. ಹನ್ನೆರಡನೆಯ ವಾರದವರೆಗೆ ಸುಧಾರಣೆ ನಿಂತುದು ಕ್ರಮವಾಗಿ ಶೇಕಡ 20 ಮತ್ತು 10 ಮಂದಿಯಲ್ಲಿ. ಎಲ್ಲ ಗುಂಪುಗಳಲ್ಲಿಯೂ ಕೆಲವರಿಗೆ ಆತ್ಮಹತ್ಯೆಯ ಯೋಚನೆಗಳು ಬಂದುವು. ಈ ಪ್ರಯೋಗಗಳಲ್ಲಿ ಚಿತ್ತಭ್ರಮೆಯ ಪೂರ್ವವೃತ್ತಾಂತವುಳ್ಳವರನ್ನು ಸೇರಿಸಿಕೊಳ್ಳುವುದಿಲ್ಲ. ರೋಗಿಯನ್ನು ಮೊದಲೇ ಸಿದ್ಧಪಡಿಸುತ್ತಾರೆ. ದ್ರವ್ಯದ ಪ್ರಭಾವವಿರುವಷ್ಟು ಹೊತ್ತೂ ತರಬೇತಾದವರು ಪಕ್ಕದಲ್ಲಿ ಇರುತ್ತಾರೆ. ಆಸ್ಟ್ರೇಲಿಯಾ 2023ರಲ್ಲಿ ಅಧಿಕೃತ ಮನೋವೈದ್ಯರಿಗೆ ಸೀಮಿತ ಅನುಮತಿ ಕೊಟ್ಟಿತು. ಅಮೆರಿಕದ ಔಷಧ ಆಡಳಿತವು ಎಂಡಿಎಂಎ ಎಂಬ ಇನ್ನೊಂದು ದ್ರವ್ಯದ ಅರ್ಜಿಯನ್ನು, ಪ್ರಮಾಣ ಸಾಲದೆಂದು, 2024ರಲ್ಲಿ ಒಪ್ಪಲಿಲ್ಲ.

ಈ ಎರಡು ಶತಮಾನಗಳ ವೃತ್ತಾಂತವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂದು ‘ಕಾರಣ’ದ ಅಂಕಣವನ್ನು ವಿಚಾರಿಸದೆ ತುಂಬಿದರು, ಇಂದು ‘ಪರಿಹಾರ’ದ ಅಂಕಣವನ್ನು ಹಾಗೆಯೇ ತುಂಬುವ ಆತುರ ಕಾಣುತ್ತಿದೆ. ಭಯವೂ ಮೋಹವೂ ದಾಖಲೆಯನ್ನು ಕೆಡಿಸುವುದರಲ್ಲಿ ಒಂದಕ್ಕೊಂದು ಸಾಟಿ. ಕಮಿಷನ್ನಿನವರು 222 ಹೆಸರುಗಳನ್ನು ಒಂದೊಂದಾಗಿ ಮರಳಿ ವಿಚಾರಿಸಿದ ತಾಳ್ಮೆಯೇ ಈ ವಿಷಯದಲ್ಲಿ ನಮಗೆ ಬೇಕಾದ ಎಚ್ಚರ.

ಆದುದರಿಂದ, ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಈ ದ್ರವ್ಯಗಳಲ್ಲಿ ಭರವಸೆಯುಂಟು, ನಿಶ್ಚಯವಿಲ್ಲ, ಮತ್ತು ಆ ಭರವಸೆ ದ್ರವ್ಯಕ್ಕೆ ಮಾತ್ರ ಸೇರಿದುದಲ್ಲ, ಅದರ ಸುತ್ತಲಿನ ಶಿಸ್ತಿಗೂ ಸೇರಿದುದು. ಶಿಸ್ತನ್ನು ಬಿಟ್ಟು ದ್ರವ್ಯವನ್ನು ಮಾತ್ರ ಕೊಂಡು ತಂದವನು ಮದ್ದನ್ನು ಬಿಟ್ಟು ವಿಷವನ್ನು ತಂದಂತೆ. ಮನೆಯಲ್ಲಿ ನೊಂದವರಿರುವವರು ಆ ಸಂಶೋಧನೆ ಮುಗಿಯಲೆಂದು ಕಾಯಬೇಕಾದುದೂ ಇಲ್ಲ. ಮಳವಳ್ಳಿಯಿಂದ ಗಾಡಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಬೇಕಾಗಿದ್ದ ಕಾಲ ಕಳೆದಿದೆ. ಮಂಡ್ಯದಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ. ರೋಗಿಯ ವೃತ್ತಾಂತವನ್ನು ತಿಳಿದು ಹೇಳಬಲ್ಲ ಬಂಧು ಅವನ ಜೊತೆಯಲ್ಲಿರಲಿ. ಹಳೆಯ ದಾಖಲೆಪುಸ್ತಕಗಳಲ್ಲಿ ಇಲ್ಲದೆಹೋದುದು ಅದೊಂದೇ ಸಾಕ್ಷ್ಯ.