ಕಾಂಪೌಂಡರ್ ಹೇಳ್ತಿದ್ದ ಮಾತು

ಎಂಬತ್ತರ ದಶಕದಲ್ಲಿ ಹಳ್ಳಿಯಲ್ಲಿ ಹುಟ್ಟಿದವರಿಗೆ ಈ ಬಾಟಲಿ ನೆನಪಿರುತ್ತೆ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಒಂದು ಖಾಲಿ ಬಾಟಲಿ ತೊಳೆದು ತಗೊಂಡು ಹೋಗಬೇಕಿತ್ತು. ಕಾಂಪೌಂಡರ್ ಅದಕ್ಕೆ ಗುಲಾಬಿ ಬಣ್ಣದ ಔಷಧ ಸುರಿದು, ಒಂದು ಕಾಗದದ ಪಟ್ಟಿ ಮಡಚಿ, ಅಂಚಿನಲ್ಲಿ ಕಚ್ಚು ಕತ್ತರಿಸಿ, ಗೋಂದು ಹಚ್ಚಿ ಬಾಟಲಿಗೆ ಅಂಟಿಸೋರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದು ಬಾರದ ನಮ್ಮಜ್ಜಿಗೂ ಅರ್ಥ ಆಗೋದು. ಬಳಕೆದಾರರಿಗೆ ಸುಲಭ ಆಗಬೇಕು ಅಂತ ದಿನಾ ಮೀಟಿಂಗುಗಳಲ್ಲಿ ಒದ್ದಾಡುವ ನಾನು ಅಷ್ಟು ಒಳ್ಳೆ ಡಿಸೈನನ್ನು ಈವರೆಗೂ ಮಾಡಿಲ್ಲ.

ಪಟ್ಟಿ ಅಂಟಿಸುತ್ತಾ ಅವರು ಮಾತಾಡೋರು. "ಅಜ್ಜಿ, ಅಲ್ಲಾಡಿಸಿ ಕುಡೀಬೇಕು, ಊಟ ಆದ್ಮೇಲೆ. ಹೋದ ಸಲ ಕೊಟ್ಟ ಮಾತ್ರೆ ಇನ್ನೂ ಮನೇಲಿ ಐತಾ? ಅದನ್ನ ಇದರ ಜೊತೆ ನುಂಗಬ್ಯಾಡ."

ಇದೆಲ್ಲ ನೆನಪಾಗಿದ್ದು ಹೋದ ವರ್ಷ ಅಪ್ಪನ ಕಾಲು ಊದಿಕೊಂಡಾಗ. ಬೆಂಗಳೂರಿಗೆ ಕರೆಸಿ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ 2.4. ಕಿಡ್ನಿ ಸೋಲುತ್ತಿದೆ ಅಂದರು. ಯಾಕೆ ಅಂತ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಹತೋಟಿಯಲ್ಲಿತ್ತು. ಡಾಕ್ಟರು ಬೇರೆ ಏನಾದರೂ ಮಾತ್ರೆ ತಗೋತೀರಾ ಅಂತ ಕೇಳಿದಾಗ ಅಪ್ಪ ಇಲ್ಲ ಅಂದರು. ಸ್ವಲ್ಪ ಹೊತ್ತಿಗೆ ಬಿಳಿ ಕೋಟಿನ ಒಬ್ಬ ಹುಡುಗಿ ಬಂದು, ಕುರ್ಚಿ ಎಳೆದುಕೊಂಡು ಕೂತಳು. ತಾನು ಕ್ಲಿನಿಕಲ್ ಫಾರ್ಮಾಸಿಸ್ಟ್ ಅಂದಳು. ಆಸ್ಪತ್ರೆಯಲ್ಲಿ ಹಾಗೊಂದು ಕೆಲಸ ಇರೋದೇ ನನಗೆ ಗೊತ್ತಿರಲಿಲ್ಲ. ಅವಳು ಮಾತ್ರೆ ವಿಷಯ ಎತ್ತಲೇ ಇಲ್ಲ. "ಯಜಮಾನ್ರೇ, ಮಂಡಿ ನೋವು ಬಂದ್ರೆ ಏನ್ ಮಾಡ್ತೀರಾ?" ಅಂದಳು. ಅಪ್ಪ ಅಂಗಿ ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು ಕೊಟ್ಟರು. ಡೈಕ್ಲೋಫಿನ್ಯಾಕ್. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಿಂದ, ದಿನಕ್ಕೆ ಎರಡು, ನಾಲ್ಕು ವರ್ಷ! ಅವರ ಲೆಕ್ಕದಲ್ಲಿ ಅದು ಮಾತ್ರೆ ಅಲ್ಲ, ಅಮೃತಾಂಜನದ ಹಾಗೆ.

ಅವಳು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಈ ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ನಾಳವನ್ನು ಕಿರಿದು ಮಾಡುತ್ತೆ. ಅಪ್ಪನ ಬಿ.ಪಿ. ಮಾತ್ರೆ ಹೊರಗೆ ಹೋಗುವ ನಾಳವನ್ನು ಅಗಲ ಮಾಡುತ್ತೆ. ಅದರ ಜೊತೆಗಿದ್ದ ಇನ್ನೊಂದು ಮಾತ್ರೆ ಮೈಯ ನೀರನ್ನು ಇಳಿಸುತ್ತೆ. ಬರುವ ಕಾಲುವೆ ಸಣ್ಣದು, ತೂಬು ದೊಡ್ಡದು, ಮೇಲಿನಿಂದ ನೀರೂ ಕಮ್ಮಿ. ಹಾಗಾದ್ರೆ ಕೆರೆ ಏನಾಗಬೇಕು? ಒಂದೊಂದೂ ಒಳ್ಳೆಯ ಔಷಧವೇ. ಮೂರೂ ಒಂದೇ ಹೊಟ್ಟೆಗೆ ಹೋಗ್ತಿವೆ ಅಂತ ಯಾರೂ ಕೇಳಿರಲಿಲ್ಲ.

ಕೇಳೋದು ಯಾರ ಕೆಲಸವಾಗಿತ್ತು? ಮನೆಗೆ ಬಂದು ಹುಡುಕುತ್ತಾ ಕೂತೆ. ಉತ್ತರ ಹಿಡಿಯಲು ಬ್ರಿಟಿಷರ ಕಾಲಕ್ಕೇ ಹೋಗಬೇಕಾಯಿತು.

ಆಗ ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಔಷಧ ಮಾರಬಹುದಿತ್ತು. ಮಲೇರಿಯಾಕ್ಕೆ ಕೊಡುವ ಕ್ವಿನೈನ್‌ನಲ್ಲೇ ಕಲಬೆರಕೆ ಅನ್ನುವ ದೂರು ಜೋರಾಗಿ, 1930ರಲ್ಲಿ ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ಅಧ್ಯಕ್ಷರು ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯಲ್ಲಿದ್ದ ಕರ್ನಲ್ ರಾಮನಾಥ ಚೋಪ್ರಾ. 1931ರ ಅವರ ವರದಿ ಎರಡು ಮಾತು ಹೇಳಿತು: ಔಷಧದ ಗುಣಮಟ್ಟ ಕಾಯಲು ಕಾನೂನು ಬೇಕು, ಔಷಧ ಕೊಡುವವರಿಗೆ ಸರಿಯಾದ ಶಿಕ್ಷಣ ಬೇಕು. ದೇಶದಲ್ಲಿ ಆಗ ಈ ಕೆಲಸ ನಡೆಸುತ್ತಿದ್ದವರು ಹೆಚ್ಚಾಗಿ ಕಾಂಪೌಂಡರುಗಳೇ. ಮರುವರ್ಷ, 1932ರಲ್ಲಿ, ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದರು. ಔಷಧ ಕಾಯ್ದೆ 1940ರಲ್ಲಿ ಬಂತು, ಫಾರ್ಮಸಿ ಕಾಯ್ದೆ 1948ರಲ್ಲಿ.

ಈ ಕಾಯ್ದೆಗಳನ್ನು ನಾನು ಸಾಫ್ಟ್‌ವೇರಿನವನ ಕಣ್ಣಲ್ಲಿ ಓದಿದೆ. ಔಷಧ ಹೇಗೆ ತಯಾರಾಗಬೇಕು, ಲೇಬಲ್ ಮೇಲೆ ಏನಿರಬೇಕು, ಅಂಗಡಿಗೆ ಲೈಸೆನ್ಸ್ ಯಾರು ಕೊಡಬೇಕು, ಒಳಗೆ ನೋಂದಾಯಿತ ಫಾರ್ಮಾಸಿಸ್ಟ್ ಇರಬೇಕು, ಎಲ್ಲಾ ಇದೆ. ಕಲಬೆರಕೆಯಲ್ಲಿ ಸತ್ತವರನ್ನು ಕಂಡು ಬರೆದ ಕಾನೂನು, ಹಾಗಾಗಿ ಬಾಟಲಿ ಒಳಗಿನದ್ದನ್ನು ಚೆನ್ನಾಗಿ ಕಾಯುತ್ತೆ. ಬಾಟಲಿ ಕೈ ಬದಲಾಗುವ ಆ ಅರ್ಧ ನಿಮಿಷದ ಮಾತು? ಅದು ಅಭ್ಯಾಸದ ಮೇಲೇ ಉಳಿಯಿತು. ಕಾಂಪೌಂಡರ್ ಕೈಯಾರೆ ಔಷಧ ಬೆರೆಸುತ್ತಿದ್ದಾಗ ಕಾಯುವ ಹೊತ್ತು ಇರ್ತಿತ್ತು, ಹಾಗಾಗಿ ಮಾತೂ ಇರ್ತಿತ್ತು. ಕಂಪನಿಯಿಂದಲೇ ಸ್ಟ್ರಿಪ್ ಸಿದ್ಧವಾಗಿ ಬಂದ ಮೇಲೆ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟರೆ ಮುಗೀತು.

ಈ ಅಪಾಯವನ್ನು ಮೊದಲೇ ಹೇಳಿದವರೊಬ್ಬರಿದ್ದರು. 1945ರ ನೊಬೆಲ್ ಭಾಷಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನದೇ ಪೆನ್ಸಿಲಿನ್ ಬಗ್ಗೆ ಒಂದು ಕಥೆ ಕಟ್ಟಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ಅರ್ಧಂಬರ್ಧ ತಗೊಳ್ಳುತ್ತಾನೆ. ಬ್ಯಾಕ್ಟೀರಿಯಾ ಔಷಧಕ್ಕೆ ಪಳಗುತ್ತೆ. ಅವನಿಂದ ಹೆಂಡತಿಗೆ ಹರಡುತ್ತೆ. ಪೆನ್ಸಿಲಿನ್ ನಾಟದೆ ಆಕೆ ಸಾಯುತ್ತಾಳೆ. ನಮ್ಮಲ್ಲಿ ಪ್ರಬಲ ಆ್ಯಂಟಿಬಯಾಟಿಕ್ ಮಾರಿದ್ದಕ್ಕೆ ಪ್ರತ್ಯೇಕ ಪುಸ್ತಕ ಬರೆದಿಡಬೇಕು ಎನ್ನುವ ಎಚ್1 ನಿಯಮ ಜಾರಿಯಾಗಿದ್ದು 2014ರಲ್ಲಿ. ರೋಗಿಯ ಜೊತೆ ಫಾರ್ಮಾಸಿಸ್ಟ್ ತಾನಾಗಿಯೇ ಮಾತಾಡಬೇಕು, ಡೋಸ್ ತಪ್ಪಿದರೆ ಏನು ಮಾಡಬೇಕು, ಯಾವುದರ ಜೊತೆ ಯಾವುದು ಕೂಡದು ಅಂತ ತಿಳಿಸಬೇಕು ಅನ್ನೋದನ್ನು ಬರೆದಿಟ್ಟಿದ್ದು 2015ರ ಫಾರ್ಮಸಿ ವೃತ್ತಿ ನಿಯಮಗಳಲ್ಲಿ. ಚೋಪ್ರಾ ವರದಿ ಆಗಿ 84 ವರ್ಷ!

ಆಸ್ಪತ್ರೆಗಳಲ್ಲಿ ಮಾತ್ರ ಸ್ವಲ್ಪ ಮೊದಲೇ ಗಾಳಿ ಬೀಸಿತ್ತು. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ತೊಂಬತ್ತರ ದಶಕದ ಕೊನೆಯ ಹೊತ್ತಿಗೇ ವಿದ್ಯಾರ್ಥಿಗಳನ್ನು ವಾರ್ಡುಗಳಿಗೆ ಕಳಿಸಿ, ರೋಗಿ ಪಕ್ಕ ನಿಂತು ಕಲಿಯುವ ಹಾಗೆ ಮಾಡಿತ್ತು. ಆರು ವರ್ಷದ ಫಾರ್ಮ್.ಡಿ. ಕೋರ್ಸ್ ದೇಶದಲ್ಲಿ ಶುರುವಾಗಿದ್ದು 2008ರಲ್ಲಿ. ಅಪ್ಪನನ್ನು ಮಂಡಿ ನೋವಿನ ಬಗ್ಗೆ ಕೇಳಿದ ಹುಡುಗಿ ಓದಿದ್ದು ಅದನ್ನೇ.

ನನ್ನ ಜೊತೆ ಪಿಯುಸಿ ಓದಿದವನೊಬ್ಬ ಡಿ.ಫಾರ್ಮ್ ಮುಗಿಸಿ ತಾಲ್ಲೂಕಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಫೋನ್ ಮಾಡಿ ಸಿಟ್ಟಲ್ಲೇ ಕೇಳಿದೆ, ನೀವೆಲ್ಲ ಯಾಕೋ ಒಂದು ಮಾತೂ ಕೇಳಲ್ಲ ಅಂತ. "ನೀನು ಆ್ಯಪಲ್ಲಿ ಔಷಧಿ ತರಿಸ್ತೀಯಲ್ಲ, ಅದು ನಿನ್ನನ್ನ ಏನ್ ಕೇಳ್ತು?" ಅಂದ. ಆಮೇಲೆ ಮೆತ್ತಗಾಗಿ, "ಚೀಟಿ ತನ್ನಿ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ ಮಾರಾಯ. ಮಾತಾಡಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ, ಮಾತ್ರೆಗೆ ಕೊಡ್ತಾರೆ. ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ನೇತುಹಾಕಿ, ಹತ್ತನೇ ಕ್ಲಾಸ್ ಹುಡುಗನ್ನ ನಿಲ್ಸಿರೋರ ಪಕ್ಕ ನಾನು ಅಂಗಡಿ ನಡೆಸ್ಬೇಕು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜ್ವರ ಬಂದ್ರೆ ಹೋದ ಸಲದ ಚೀಟಿಯ ಫೋಟೋ ತೋರಿಸಿ ಅಜಿಥ್ರೋಮೈಸಿನ್ ತರುವವನು ನಾನೇ. ಎಲೆಯ ಮೇಲಿನ ಕೆಂಪು ಗೆರೆ, ಡಾಕ್ಟರ ಚೀಟಿ ಇಲ್ಲದೆ ತಗೋಬೇಡ ಅನ್ನುವ ಗೆರೆ, ನನ್ನ ಕಣ್ಣಿಗೆ ಬಿದ್ದಿದ್ದು ಅಪ್ಪನ ಸ್ಟ್ರಿಪ್ಪನ್ನು ತಿರುಗಿಸಿ ನೋಡಿದ ದಿನ.

ಅಪ್ಪನ ಕ್ರಿಯಾಟಿನಿನ್ ಈಗ 1.8ಕ್ಕೆ ಬಂದು ನಿಂತಿದೆ. ಇನ್ನೂ ಇಳಿಯೋದು ಕಷ್ಟ ಅಂತಾರೆ. ಮಂಡಿಗೆ ಬಿಸಿನೀರಿನ ಶಾಖ, ಸಂತೆಗೆ ಹೋಗುವಾಗ ಕೋಲು. ಎಲ್ಲಾ ಮಾತ್ರೆಗಳ ಹೆಸರನ್ನು ನಾನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೆ. ಹೋದ ತಿಂಗಳು ಊರಿಗೆ ಹೋದಾಗ ನೋಡಿದರೆ, ಅದನ್ನು ಮಡಚಿ, ಸ್ಟ್ರಿಪ್ ಇರುತ್ತಿದ್ದ ಅದೇ ಜೇಬಿನಲ್ಲಿ ಇಟ್ಟುಕೊಂಡಿದ್ದರು.